ಶ್ರಾವಣದಲ್ಲಿ ಎಷ್ಟು ಬಾಟಲಿ

ಮೇ 14, 1984. ಸೋಮವಾರ

ಇವತ್ತೂ ಟೈಪ್‌ರೈಟರ್ ರಿಬ್ಬನ್ ಹರಿಯಿತು. ಕೈಯೆಲ್ಲ ಮಸಿ. ಮಾರ್ತಾಂಡ ಸಾಹೇಬರಿಗೆ ಹೊಸದು ತರಿಸಿ ಎಂದರೆ ಮುಂದಿನ ವಾರ ಅನ್ನುತ್ತಾರೆ. ಜನರಿಗೆ ಬ್ಯಾಂಕ್ ಸಾಲಕ್ಕೆ ಪ್ರಾಜೆಕ್ಟ್ ರಿಪೋರ್ಟ್ ಮಾಡಿಕೊಡುವ ಆಫೀಸು ಇದು. ಲಕ್ಷಗಟ್ಟಲೆ ಅಂಕಿ ಹೊಡೆಯಬೇಕು, ರಿಬ್ಬನ್‌ಗೆ ಗತಿಯಿಲ್ಲ.

ಈ ಸಲದ ಗಿರಾಕಿ ಗುರುಪಾದಪ್ಪ. ಇಲ್ಲೇ ಕಾರ್ಖಾನೆಗಳ ಉದ್ಯಮಬಾಗದಲ್ಲಿ ಕಬ್ಬಿಣ ಎರಕದ ಫೌಂಡ್ರಿ ಇದೆ. ಈಗ ಖಾನಾಪುರದಲ್ಲಿ ಸಣ್ಣ ಬಿಯರ್ ಕಾರ್ಖಾನೆ ಹಾಕುತ್ತಾರಂತೆ. ಮೊದಲನೇ ವರ್ಷ ಎಷ್ಟು ಮಾರಾಟವಾಗುತ್ತದೆ ಎಂದು ನಾವು ಬರೆದುಕೊಡಬೇಕು. ಸರ್ವೇಗೆ ಹೋದ ನಮ್ಮ ಆಫೀಸಿನ ಹುಡುಗ ಅವಧೂತ ಮೂರು ದಿನ ತಿರುಗಿ ಬಂದ. ಮನೆಮನೆಯಲ್ಲೂ ಒಂದೇ ಉತ್ತರ — "ನಮ್ಮಲ್ಲಿ ಯಾರೂ ಕುಡಿಯಂಗಿಲ್ರಿ." ಹಾಗಾದರೆ ಸಂಜೆ ಬಾರ್ ಹಿಂದೆ ಸೈಕಲ್ ಬಚ್ಚಿಡುವವರು ಯಾರು, ದೆವ್ವಗಳೇ? ಸಾಹೇಬರು ನನ್ನ ಕಡೆ ನೋಡಿದರು. ನಾನು ಬಾರ್ ಒಳಗೆ ಹೋಗುವಂತಿಲ್ಲ. ಅದು ಅವರಿಗೂ ಗೊತ್ತು.

ಅವ್ವ ಅನಗೋಳದ ನಮ್ಮ ಓಣಿಯಲ್ಲಿ ನಾನು ಶರಬತ್ತಿನ ಕಾರ್ಖಾನೆಯ ಕೆಲಸ ಮಾಡುತ್ತಿದ್ದೇನೆ ಎಂದು ಹೇಳಿಕೊಂಡು ಬಂದಿದ್ದಾಳೆ.

ಮೇ 17

ಖಾನಾಪುರ. ಬಸ್ಸಿನಲ್ಲಿ ನಿಂತೇ ಹೋದೆ.

ಕುಡಿಯುವವರನ್ನು ಕೇಳುವುದೇ ಬೇಡ, ಖಾಲಿ ಬಾಟಲಿ ಕೊಳ್ಳುವವರನ್ನು ಕೇಳೋಣ ಅನ್ನಿಸಿತು. ಸ್ಟ್ಯಾಂಡ್ ಹಿಂದೆ ಫಕೀರವ್ವ ಎಂಬಾಕೆಯ ತಗಡಿನ ಶೆಡ್. ಊರಿನ ಎಲ್ಲ ಬಾರು, ಎಲ್ಲ ಹಿತ್ತಲುಗಳ ಬಾಟಲಿ ಅವಳ ಚೀಲಕ್ಕೇ ಬೀಳುವುದು. ಯಾರ ಮನೆಯದು ಎಷ್ಟು ಅಂತಲೂ ಗೊತ್ತು, ಹೇಳುವುದಿಲ್ಲ. ತಿಂಗಳಿಗೆ ಬಿಯರ್ ಬಾಟಲಿ ಎಷ್ಟು ಚೀಲ ಎಂದು ಕೇಳಿದೆ. ನಲವತ್ತು ಎಂದಳು. ಬರೆದುಕೊಂಡೆ. ಜಾಣೆ ನಾನು ಎಂದು ಬಸ್ಸಿನುದ್ದಕ್ಕೂ ಒಳಗೊಳಗೇ ಹಿಗ್ಗಿದೆ.

ಮೇ 28

ಸಾಹೇಬರಿಗೆ ಖುಷಿಯೋ ಖುಷಿ. ನಲವತ್ತನ್ನು ಹನ್ನೆರಡರಿಂದ ಗುಣಿಸಿದರು, ನಾನೂರ ಎಂಬತ್ತು ಚೀಲ. ಆಮೇಲೆ ತಾಲೂಕು, ಜಿಲ್ಲೆ ಎಂದು ಗುಣಿಸುತ್ತಾ ಹೋದರು. ಸಾಲಕ್ಕೆ ಒತ್ತೆ ಇಡುವುದು ಗುರುಪಾದಪ್ಪನ ಫೌಂಡ್ರಿಯಲ್ಲ! ತೀರಿಹೋದ ಅಣ್ಣನ ಹೆಂಡತಿ ಗಂಗಾದೇವಿಯ ನಾಲ್ಕು ಎಕರೆ ಭತ್ತದ ಗದ್ದೆ. ಆಕೆಗೆ ಇರುವುದೇ ಅಷ್ಟಂತೆ.

ಜೂನ್ 6

ಗದ್ದೆಯ ಪಹಣಿ ಉತಾರ ತರಲು ಮತ್ತೆ ಖಾನಾಪುರ. ಮಳೆ ಶುರು. ನೆನೆಯಬಾರದೆಂದು ಫಕೀರವ್ವನ ಶೆಡ್ಡಿಗೆ ನುಗ್ಗಿದೆ. ಚೀಲಗಳೆಲ್ಲ ಮಡಿಚಿ ಇಟ್ಟಿದ್ದಳು. ಬಾಟಲಿ ಎಲ್ಲಿ ಎಂದೆ. ನಕ್ಕಳು.

"ಮಳಿಯಾಗ ತಣ್ಣಂದು ಯಾರ ಕುಡೀತಾರವ್ವಾ? ನೀ ಲಗ್ನದ ಸುಗ್ಗಿಯಾಗ ಬಂದು ಕೇಳಿದಿ, ಅದನ್ನ ಹೇಳಿದೆ. ಶ್ರಾವಣದಾಗಂತೂ ಎರಡ ಚೀಲ ಆದ್ರ ಹೆಚ್ಚು. ಆಗ ನಾ ದವಾಖಾನಿ ಬಾಟ್ಲಿ ಆರಸ್ತೀನಿ."

ಅಲ್ಲೇ ಕೂತು ತಿಂಗಳು ತಿಂಗಳು ಕೇಳಿದೆ. ಬೇಸಿಗೆಯ ನಾಲ್ಕು ತಿಂಗಳು ತಲಾ ನಲವತ್ತು. ಮಳೆಯ ಎರಡು ತಿಂಗಳು ತಲಾ ಹತ್ತು. ಶ್ರಾವಣ ಎರಡು. ಉಳಿದ ಐದು ತಿಂಗಳು ತಲಾ ಹದಿನೈದು. ಒಟ್ಟು ಇನ್ನೂರ ಐವತ್ತೇಳು. ಅದೂ ಎಲ್ಲ ಕಂಪನಿಗಳದೂ ಸೇರಿ. ಗೋವಾದಿಂದ ಕದ್ದು ಬರುವುದೂ ಅದರಲ್ಲೇ.

ನಮ್ಮ ಮನೆಯಲ್ಲಿ ಶ್ರಾವಣ ಬಂತೆಂದರೆ ಅಪ್ಪ ಎಲೆಅಡಿಕೆ ಕೂಡ ಮುಟ್ಟುವುದಿಲ್ಲ. ಇಡೀ ಸೀಮೆಯೇ ಹಾಗೆ. ಇಲ್ಲೇ ಹುಟ್ಟಿ ಬೆಳೆದವಳು, ಬಿ.ಕಾಂ. ಬೇರೆ. ಯಾವ ತಿಂಗಳದು ಎಂದು ಕೇಳುವ ಬುದ್ಧಿ ಬರಲಿಲ್ಲ. ಕಪಾಳಕ್ಕೆ ಹೊಡೆದುಕೊಳ್ಳಬೇಕು.

ಜೂನ್ 7

ಬೆಳಿಗ್ಗೆ ಹೋದವಳೇ ಸಾಹೇಬರಿಗೆ ಹೇಳಿದೆ. ಕತ್ತೆತ್ತಿ ನೋಡಲಿಲ್ಲ.

"ಬ್ಯಾಂಕಿನವರಿಗೆ ಹನ್ನೆರಡು ತಿಂಗಳು ಬೇಕು, ಪಂಚಾಂಗ ಅಲ್ಲ. ಲೆಕ್ಕಾ ಮಾಡು ಅಂದ್ರ ವ್ರತಾ ಮಾಡಾಕ ಹತ್ತೀಯಲ್ಲ."

ಅವಧೂತ ಕಿಸಕ್ಕನೆ ನಕ್ಕ. ಮೈ ಉರಿಯಿತು. ಸಾಲ ತೀರದೆ ಗದ್ದೆ ಹೋದರೆ ಆಕೆ ಏನು ತಿನ್ನಬೇಕು ಎಂದು ಕೇಳಿದೆ. ಅದು ಅವರ ಮನೆತನದ ವಿಷಯ ಎಂದರು. ಕೊನೇ ಹಾಳೆ ಮುಂದೆ ಸರಿಸಿದರು. 'ತಯಾರಿಸಿದವರು' ಎಂದು ಕೆಳಗೆ ನನ್ನ ಹೆಸರು. ಇದುವರೆಗೆ ಒಂದು ರಿಪೋರ್ಟಿನಲ್ಲೂ ನನ್ನ ಹೆಸರು ಹಾಕಿದವರಲ್ಲ, ಈಗ ಹಾಕಿದ್ದಾರೆ.

ಸಹಿ ಮಾಡಿದೆ. ಹೌದು, ಮಾಡಿದೆ. ತಿಂಗಳಿಗೆ ಮುನ್ನೂರ ಐವತ್ತು ರೂಪಾಯಿ ಸಂಬಳ, ಅಪ್ಪನ ಪೆನ್ಶನ್ ಇನ್ನೂ ಮಂಜೂರಾಗಿಲ್ಲ... ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ? ಹೇಡಿ. ಅಷ್ಟೇ.

ಜೂನ್ 25, ಸೋಮವಾರ

ಎರಡೂವರೆ ವಾರ ಈ ಪುಸ್ತಕ ಮುಟ್ಟಿಲ್ಲ. ಮನೆಯಲ್ಲಿ ಎಲ್ಲರ ಮೇಲೂ ಹರಿಹಾಯ್ದಿದ್ದೇನೆ.

ಇವತ್ತು ಗಂಗಾದೇವಿ ಆಫೀಸಿಗೆ ಬಂದರು. ಮೊದಲ ಸಲ ನೋಡಿದ್ದು. ಐವತ್ತರ ಹತ್ತಿರ, ಕೊರಳಲ್ಲಿ ಲಿಂಗದ ಕರಡಿಗೆ, ಕಾಲೆಲ್ಲ ಕೆಸರು. ಸಾಹೇಬರು ಊರಲ್ಲಿರಲಿಲ್ಲ. ಕಾಂತಾ ಎಂದರೆ ಯಾರು ಎಂದು ಕೇಳಿದರು. ನಾನೇ ಎಂದೆ. ಒಂದು ಸಣ್ಣ ಚೀಲ ಗದ್ದೆಯ ಅಕ್ಕಿ ಮೇಜಿನ ಮೇಲಿಟ್ಟರು.

"ಮೂರು ಸರ್ತಿ ಒಲ್ಲೆ ಅಂದಿದ್ದೆ ತಂಗಿ. ಆಮ್ಯಾಲ ಮೈದುನ ನಿನ್ನ ಹೆಸರು ತೋರಿಸಿದ. ಅನಗೋಳದ ಹುಡುಗಿ, ನಮ್ಮ ಮಂದಿ, ಖುದ್ದ ಬಂದು ಲೆಕ್ಕಾ ಹಾಕ್ಯಾಳ ಅಂದ. ಹೆಣ್ಣಮಗಳು ಇನ್ನೊಬ್ಬ ಹೆಣ್ಣಮಗಳ ಅನ್ನಕ್ಕ ಸುಳ್ಳ ಬರಿಯಂಗಿಲ್ಲಂತ ಸಹಿ ಮಾಡಿದೆ."

ನನ್ನ ಹೆಸರು ಯಾಕೆ ಹಾಕಿದ್ದರೆಂದು ಆಗ ತಿಳಿಯಿತು. ಅಕ್ಕಿ ಚೀಲ ಅವರ ಕಡೆಗೇ ಸರಿಸಿದೆ. ಎಲ್ಲ ಹೇಳಿದೆ, ಮೇ ತಿಂಗಳು, ಶ್ರಾವಣ, ಇನ್ನೂರ ಐವತ್ತೇಳು. ನನ್ನ ಸಹಿಯನ್ನೂ ಹೇಳಿದೆ. ಬೈಯಲಿ ಎಂದು ಕಾಯುತ್ತಿದ್ದೆ. ಬೈಯಲಿಲ್ಲ. ಹಣ ಇನ್ನೂ ಕೊಟ್ಟಿಲ್ಲ, ಬುಧವಾರ ಬ್ಯಾಂಕಿಗೆ ಕರೆದಿದ್ದಾರೆ ಎಂದರು.

"ನನ್ನ ಸಹಿ ನಾ ವಾಪಸ್ ತಗೋತೀನಿ. ನಿಂದು ನೀ ಬಂದು ತಗೋ. ನಾ ಒಬ್ಬಾಕಿ ಹೇಳಿದ್ರ, ಕುಡಿಯೂ ಧಂದೆ ಅಂತ ಮಡಿ ಮಾಡ್ತಾಳ ಅಂತಾರ."

ಅಕ್ಕಿ ತೆಗೆದುಕೊಂಡು ಹೋದರು. ನನಗೆ ಅದೇ ಸರಿ ಅನ್ನಿಸಿತು.

ಜೂನ್ 27, ಬೆಳಿಗ್ಗೆ 9

ನಿನ್ನೆ ಎಲ್ಲರೂ ಹೋದ ಮೇಲೆ ಆಫೀಸಿನ ಟೈಪ್‌ರೈಟರಿನಲ್ಲೇ ಹೊಡೆದೆ. ಒಂದೇ ಹಾಳೆ. ಹನ್ನೆರಡು ಸಾಲು, ಒಂದೊಂದು ತಿಂಗಳಿಗೂ ಒಂದೊಂದು. ಸಾಹೇಬರಿಗೂ ಒಂದು ಪ್ರತಿ ಮೇಜಿನ ಮೇಲಿಟ್ಟು ಬಂದೆ. ಊರಿಂದ ಬಂದವರು ಈಗ ಓದಿರುತ್ತಾರೆ. ಓದಲಿ. ನನ್ನನ್ನು ಕಿತ್ತುಹಾಕಲು ಅವರಿಗೆ ಪಂಚಾಂಗ ಬೇಕಾಗಿಲ್ಲ.

ಹಾಳೆಯನ್ನು ಮಡಿಚಿ ಬಿಚ್ಚಿ ಮಾಡುತ್ತಿದ್ದೇನೆ. ಹೆದರಿಕೆಯಲ್ಲ, ಸಿಟ್ಟು. ಸ್ವಲ್ಪ ಹೆದರಿಕೆಯೂ ಇದೆ.

ಹತ್ತೂವರೆಗೆ ಬ್ಯಾಂಕು. ಗುರುಪಾದಪ್ಪನೂ ಇರುತ್ತಾನೆ. ಯಾರು ಹೇಳಿಕೊಟ್ಟರು, ಎಷ್ಟು ತಿಂದೆ ಎಂದೆಲ್ಲ ಕೇಳುತ್ತಾನೆ. ಕೇಳಲಿ. ಮ್ಯಾನೇಜರರ ಮುಂದೆ ಹೇಳುವುದು ಇಷ್ಟೇ — ಆ ಲೆಕ್ಕ ಸುಳ್ಳು. ಗೊತ್ತಿದ್ದೂ ಸಹಿ ಮಾಡಿದವಳು ನಾನು. ನನ್ನ ಹೆಸರು ಕಾಂತಾ.