ಹಿಮ ಗುಡಿಸಿದವನ ಮೇಲೆ ಕಳ್ಳತನದ ದೂರು

ಫೋನ್ ಗೋಪುರದ ಬೀಗದ ಕೈಯನ್ನು ಪಟ್ಟಣದ ಕಚೇರಿಯಲ್ಲಿ ಭದ್ರವಾಗಿಟ್ಟುಕೊಂಡಿರುವ ಮಾನ್ಯ ದೂರಸಂಪರ್ಕ ನಿರ್ದೇಶಕರೇ,

ನಿಮ್ಮ ಸೋಲಾರ್ ಫಲಕಗಳ ಮೇಲಿನ ಹಿಮ ಗುಡಿಸಿದ ಅಪರಾಧಕ್ಕೆ ನನ್ನ ತಮ್ಮ ಫೋರ್ತುನಾತೋ ಪೊಲೀಸ್ ಠಾಣೆಯಲ್ಲಿದ್ದಾನೆ. ಬೇಲಿ ಹಾರಿದ, ಕಳ್ಳತನಕ್ಕೆ ಯತ್ನಿಸಿದ ಎಂದು ದೂರು ಕೊಟ್ಟವರು ತಾವೇ.

ಗೋಪುರ ನಿಲ್ಲಿಸುವ ಮುಂಚೆ ತಾವು ನಮ್ಮೂರ ಸಭೆಗೆ ಬಂದಿದ್ದಿರಿ. ಊರಿನಿಂದಾಚೆ ಆಂಡೀಸ್‌ನ ಈ ಗುಡ್ಡದ ನೆತ್ತಿಗೆ ರಸ್ತೆಯಿಲ್ಲ, ಡೀಸೆಲ್ ಸಾಗಿಸಲಾಗದು, ಸೂರ್ಯನೊಬ್ಬನೇ ದಿಕ್ಕು ಎಂದಿರಿ. ಫಲಕ, ಬ್ಯಾಟರಿ ಹೊರಲು ಹೆಗಲು ಕೇಳಿದಿರಿ. ಕೂಲಿಯ ಮಾತೆತ್ತಲಿಲ್ಲ, ನಮ್ಮದೇ ಪದ ಬಳಸಿ ‘ಐನಿ’ ಎಂದಿರಿ. ಐನಿ ಎಂದರೆ ಮುಯ್ಯಾಳು. ಇಂದು ನಿನ್ನ ಹೊಲದಲ್ಲಿ ನಾನು, ನಾಳೆ ನನ್ನ ಹೊಲದಲ್ಲಿ ನೀನು.

ನೆರೆಮನೆಯ ಬಸಿಲಿಯಾ ಅತ್ತೆ ಸುಮ್ಮನಿರುವವಳಲ್ಲ. “ಏನಪ್ಪಾ ಸಾಹೇಬ, ಹಾಗಾದ್ರೆ ನಮ್ಮ ಆಲೂಗೆಡ್ಡೆ ಕೀಳೋಕೆ ಬಗ್ತೀಯೇನು? ಆ ಹೊಟ್ಟೆ ಅಡ್ಡ ಬರಲ್ವಾ?” ಎಂದಳು.

“ಆಲೂಗೆಡ್ಡೆ ಬೇಡ ತಾಯಿ. ಕಷ್ಟ ಬಂದಾಗ ಫೋನ್ ಮಾಡಿ, ಓಡಿ ಬರ್ತೀವಿ. ಅದೇ ನಮ್ಮ ಐನಿ” ಎಂದಿರಿ. ಮಾತು ಕೊಟ್ಟ ಗುರುತಿಗೆ ನಮ್ಮೊಡನೆ ಕೋಕಾ ಎಲೆ ಹಂಚಿಕೊಂಡು ಜಗಿದಿರಿ. ಐನಿಗೆ ಯಾರಾದರೂ ಕಾಗದ ಕೇಳುತ್ತಾರೆಯೇ? ನಾವು ಕೇಳಲಿಲ್ಲ, ಅಲ್ಲೇ ಎಡವಿದೆವು. ಎಲ್ಲವನ್ನೂ ಹೆಗಲ ಮೇಲೆ ಹೊತ್ತು ಗುಡ್ಡ ಏರಿಸಿದೆವು. ಉದ್ಘಾಟನೆಯ ದಿನ ತಾವು ಅದನ್ನು ‘ಗ್ರಾಮಸ್ಥರ ಉಚಿತ ಸೇವೆ’ ಎಂದು ಹೊಗಳಿದಿರಿ. ಮರುದಿನವೇ ಸುತ್ತ ಬೇಲಿ ಬಂತು, ಬೀಗ ಬಂತು.

ಈ ಚಳಿಗಾಲ, ಆಗಸ್ಟ್‌ನಲ್ಲಿ, ಹಿಮ ಸುರಿದು ಫಲಕಗಳು ಮುಚ್ಚಿಹೋದವು, ಬ್ಯಾಟರಿ ಬರಿದಾಯಿತು, ಫೋನುಗಳು ಸತ್ತವು. ಅದೇ ಹೊತ್ತಿಗೆ ಅಲ್ಪಾಕಾ ದೊಡ್ಡಿಯ ಕಲ್ಲುಗೋಡೆ ಕುಸಿದು ಬಸಿಲಿಯಾ ಅತ್ತೆಯ ತೊಡೆ ಮುರಿಯಿತು. ರಕ್ತ ನಿಲ್ಲಲಿಲ್ಲ. ನನ್ನ ತಮ್ಮ ಗುಡ್ಡ ಹತ್ತಿ, ಬೇಲಿ ಹಾರಿ, ಹೊದ್ದಿದ್ದ ಪೊಂಚೋದಿಂದಲೇ ಹಿಮ ಬಳಿದ. ಬಿಸಿಲು ಬಿತ್ತು, ಮಧ್ಯಾಹ್ನಕ್ಕೆ ಸಿಗ್ನಲ್ ಬಂತು, ಆಂಬುಲೆನ್ಸ್ ಬಂತು. ಅತ್ತೆ ಬದುಕಿದ್ದಾಳೆ. ಇದರಲ್ಲಿ ಕದ್ದದ್ದು ಏನು ಸ್ವಾಮಿ? ನಿಮ್ಮ ಬಿಸಿಲೇ? ಸೂರ್ಯ ಯಾವಾಗ ನಿಮ್ಮ ಇಲಾಖೆಗೆ ಸೇರಿದ?

“ಅಕ್ಕಾ, ನಾವು ಹೊತ್ತು ತಂದಿದ್ದನ್ನ ನಾನು ಕದೀತೀನೇನೇ?” ಎಂದು ಠಾಣೆಯಲ್ಲಿ ತಮ್ಮ ಅತ್ತ. ನಿಮ್ಮ ಕಚೇರಿಗೆ ಓಡಿಬಂದೆ. ಐನಿಯ ನೆನಪು ಮಾಡಿದೆ. ತಾವು ಕಡತದಿಂದ ತಲೆಯೆತ್ತದೆ, “ಐನಿ ಅಂದ್ರೇನಮ್ಮಾ?” ಎಂದಿರಿ. ದೂರಿಗಿಂತ ಹೆಚ್ಚಾಗಿ ನನ್ನನ್ನು ಸುಟ್ಟದ್ದು ಆ ಪ್ರಶ್ನೆ. ನಿಮ್ಮನ್ನು ನಂಬಿದ್ದೆವು.

ದೂರನ್ನು ಹಿಂಪಡೆಯಿರಿ, ನನ್ನ ತಮ್ಮನನ್ನು ಬಿಡಿಸಿ, ಬೀಗದ ಕೈಯನ್ನು ಊರಿನವರಿಗೆ ಕೊಡಿ. ಅದಾಗದಿದ್ದರೆ ದೂರಿನಲ್ಲಿ ಇನ್ನೊಂದು ಹೆಸರು ಸೇರಿಸಿ. ನಿನ್ನೆಯಿಂದ ಮತ್ತೆ ಹಿಮ ಬೀಳುತ್ತಿದೆ. ಈ ಪತ್ರವನ್ನು ಪತ್ರಿಕೆಯವರಿಗೆ ಫೋನಿನಲ್ಲಿ ಹೇಳಿ ಬರೆಸುತ್ತಿದ್ದೇನೆ. ಸಿಗ್ನಲ್ ಹೇಗೆ ಬಂತೆಂದು ತಾವೇ ಯೋಚಿಸಿ.

ಇಂತಿ,
ಇಂದು ಬೆಳಿಗ್ಗೆ ನಿಮ್ಮ ಬೇಲಿ ಹಾರಿದ
ಎಲೆಉತೇರಿಯಾ ಹುವಾರ್ಕಾ