ನಗುವಿನ ಬಗ್ಗೆ ಒಂದು ತಿದ್ದುಪಡಿ

ಅಣ್ಣನಿಗೆ,

ನೀನು ಕ್ಷೇಮವಾಗಿದ್ದೀಯ ಎನ್ನುವುದು ನಿನ್ನ ದನಿಯಲ್ಲೇ ಗೊತ್ತಾಗುತ್ತದೆ, ಹಾಗಾಗಿ ಕೇಳುವುದಿಲ್ಲ. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಿನ್ನ ಜೊತೆ ಮಾತಾಡಿ ಗೆದ್ದವರನ್ನು ನಾನು ನೋಡಿಲ್ಲ. ಚಿಕ್ಕಂದಿನಲ್ಲಿ ನನ್ನನ್ನು ಮೂಗಿ ಎಂದು ಕರೆಯುತ್ತಿದ್ದೆ. ನೀನು ಬಾಯಿ ಮುಚ್ಚಿದ್ದರೆ ತಾನೆ ನಾನು ತೆರೆಯುವುದು?

ಭಾನುವಾರದ ಸಭೆಗೆ ಭಾವನನ್ನು ಕರೆತರಲೇಬೇಕು, ಕಾರು ಕಳಿಸುತ್ತೇನೆ, ಈ ಸಲ ವೇದಿಕೆಯ ಮೇಲೇ ಕೂರಿಸೋಣ ಎಂದು ನೀನು ಫೋನಿನಲ್ಲಿ ಹೇಳಿದೆ. 'ನಾನು ಒಂದು ಗಂಟೆ ಬಡ್ಕೊಂಡ್ರೂ ಅರ್ಥ ಆಗದೇ ಇರೋದು ಅವರ ಮುಖ ನೋಡಿದ್ರೆ ಜನಕ್ಕೆ ಅರ್ಥ ಆಗುತ್ತೆ ಕಣೇ' ಎಂದೂ ಹೇಳಿದೆ. ಜನಕ್ಕೆ ಏನು ಅರ್ಥವಾಗುತ್ತಿದೆ ಎನ್ನುವುದೇ ನನ್ನ ತಕರಾರು.

ಹೋದ ಸಲದ ಸಭೆಯಲ್ಲಿ ನಾನು ಕೊನೆಯ ಸಾಲಿನಲ್ಲಿ ಇವರ ಗಾಲಿಕುರ್ಚಿಯ ಪಕ್ಕ ಕೂತಿದ್ದೆ. ಕಷ್ಟ ಮನುಷ್ಯನನ್ನು ಬೆಳೆಸುತ್ತದೆ ಎಂದು ನೀನು ಶುರು ಮಾಡಿದೆ. ನಿನ್ನ ಹಿಂದಿನ ಬ್ಯಾನರಿನ ಮೇಲೂ ಅದೇ ಇತ್ತು. ಆಮೇಲೆ ದನಿ ಇಳಿಸಿ, 'ನನ್ನ ತಂಗಿಯ ಗಂಡ. ಅರ್ಧ ದೇಹ ಹೋಯ್ತು. ಮಾತು ಹೋಯ್ತು. ಉಳಿದಿದ್ದೇನು ಗೊತ್ತಾ? ನಗು. ಹೆತ್ತ ತಾಯಿ ತೀರಿಕೊಂಡ್ರು ಅಂತ ಹೇಳಿದಾಗ್ಲೂ ನಕ್ಕುಬಿಟ್ರು. ಸಾವಿನ ಎದುರು ನಗೋ ಎತ್ತರಕ್ಕೆ ಬೆಳೆದಿದ್ದಾರೆ' ಎಂದೆ. ಸಭೆಯೆಲ್ಲ ಹಿಂದಕ್ಕೆ ತಿರುಗಿತು. ಇವರು ನಕ್ಕರು. ಗಟ್ಟಿಯಾಗಿ, ನಿಲ್ಲಿಸಲಾಗದೆ, ಭುಜ ಕುಣಿಯುವ ಹಾಗೆ ನಕ್ಕರು. ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನ ಹೆಂಗಸೊಬ್ಬರು ಕಣ್ಣೊರೆಸಿಕೊಂಡರು.

ಮೊದಲು ಇವರು ಎಷ್ಟು ನಗುತ್ತಿದ್ದರು ಎನ್ನುವುದು ನಿನಗೆ ಮರೆತಿರಲಾರದು. ಲಿಫ್ಟ್ ರಿಪೇರಿ ಮಾಡುತ್ತ ಕತ್ತಲೆ ಬಾವಿಯಂಥ ಜಾಗದಲ್ಲಿ ದಿನ ಕಳೆಯುತ್ತಿದ್ದ ಮನುಷ್ಯ. 'ನಿನ್ನ ಗಂಡ ನಗೋದು ನೋಡೋಕೆ ಟಿಕೆಟ್ ತಗೋಬೇಕು' ಎಂದು ನೀನೇ ನಮ್ಮ ಮದುವೆಯಾದ ಹೊಸತರಲ್ಲಿ ಹೇಳಿದ್ದೆ. ಪಾರ್ಶ್ವವಾಯು ಹೊಡೆದ ಮೇಲೆ ಈ ನಗು ಬಂತು. ಚಮಚ ಕೆಳಗೆ ಬಿದ್ದರೆ ನಗು, ಹಾಸಿಗೆ ಒದ್ದೆಯಾದರೆ ನಗು. ಡಾಕ್ಟರು ನನ್ನನ್ನು ಹೊರಗೆ ಕರೆದು, 'ಇದು ಅವರ ನಗು ಅಲ್ಲಮ್ಮ. ಕೆಲವರಿಗೆ ಹೀಗಾಗುತ್ತೆ. ಒಳಗೆ ಏನೇ ನಡೀತಿರ್ಲಿ, ಮುಖ ನಗ್ತಾ ಇರುತ್ತೆ' ಎಂದರು. ನಿನಗೆ ಇದನ್ನು ಅವತ್ತೇ ಹೇಳಿದ್ದೆ. 'ಡಾಕ್ಟರು ದೇಹ ನೋಡ್ತಾರೆ. ನಾನು ಅದರಾಚೆ ನೋಡ್ತೀನಿ' ಎಂದೆ ನೀನು. ನಿನ್ನ ಕಣ್ಣು ದೊಡ್ಡದು.

ಅತ್ತೆ ತೀರಿಕೊಂಡ ಬೆಳಿಗ್ಗೆ ನೀನೂ ಇದ್ದೆ. ಬಾಗಿಲಲ್ಲಿ ನಿಂತು ಯಾರಿಗೋ ದಾರಿ ಹೇಳುತ್ತಿದ್ದೆ. ಇವರು ನಕ್ಕದ್ದು ಕೇಳಿ ನಾದಿನಿ ಮುಖ ಸಿಂಡರಿಸಿಕೊಂಡು ಎದ್ದು ಹೋದಳು. ನಾನು ಇವರ ಎಡಗೈ ಹಿಡಿದುಕೊಂಡೆ. ನಮ್ಮ ಮಾತುಕತೆ ನಡೆಯುವುದು ಆ ಕೈಯಲ್ಲಿ: ಹೌದಾದರೆ ಅದುಮುತ್ತಾರೆ, ಅಲ್ಲವಾದರೆ ಬಿಡುತ್ತಾರೆ. 'ನಗು ಬರ್ತಿದೆಯಾ?' ಎಂದೆ. ಬಿಟ್ಟರು. 'ಅಳು ಬರ್ತಿದೆಯಾ?' ಎಂದೆ. ನನ್ನ ಬೆರಳಿನ ಮೂಳೆ ನೋಯುವ ಹಾಗೆ ಅದುಮಿದರು, ನಗುತ್ತಲೇ ಅದುಮಿದರು. ನಿನ್ನ ಸಭೆಯಲ್ಲಿ ಚಪ್ಪಾಳೆ ಬಿದ್ದದ್ದು ಅಂಥದೇ ನಗುವಿಗೆ.

ಇನ್ನು ನನ್ನ ಬೆಳವಣಿಗೆ. ಭಾಷಣದಲ್ಲಿ ನನಗೂ ಒಂದು ವಾಕ್ಯ ಕೊಟ್ಟಿದ್ದೆ: ದೂರು ಎನ್ನುವುದನ್ನೇ ಮರೆತವಳು. ದೂರುವುದಕ್ಕೆ ಪುರುಸೊತ್ತಿಲ್ಲದವಳು ಎಂದಿದ್ದರೆ ಒಪ್ಪುತ್ತಿದ್ದೆ. ಕಟ್ಟುಹಲ್ಲು ಮಾಡುವ ನಮ್ಮ ಲ್ಯಾಬಿಗೆ ಮನುಷ್ಯರು ಬರುವುದಿಲ್ಲ, ಅವರ ಬಾಯಿಯ ಅಚ್ಚು ಮಾತ್ರ ಬರುತ್ತದೆ. ಈಗೀಗ ನನಗೆ ಅದೇ ಹಿತ. ಪಕ್ಕದ ಮೇಜಿನವಳು ತಲೆನೋವು ಎಂದರೆ ಮೈ ಉರಿಯುತ್ತದೆ. ನೀನು ಹೇಳಿದ ಎತ್ತರಕ್ಕೆ ಹೋಗುವ ದಾರಿಯಲ್ಲಿ ಇದೂ ಒಂದು ಮೆಟ್ಟಿಲೋ ಏನೋ.

ಆ ಭಾಷಣದ ವಿಡಿಯೋ ಎಲ್ಲರ ಫೋನಿಗೂ ಬಂದ ಮೇಲೆ ಇನ್ನೊಂದು ಉಪಕಾರವಾಯಿತು. ವಾರಕ್ಕೊಮ್ಮೆ ಇವರ ಹತ್ತಿರ ಕೂತು ನನ್ನನ್ನು ಹೊರಗೆ ಕಳಿಸುತ್ತಿದ್ದ ಕೆಳಮನೆಯಾಕೆ ಬರುವುದನ್ನು ಬಿಟ್ಟರು. 'ಅಂಥ ದೊಡ್ಡೋರ ಹತ್ರ ಕೂತು ನಾನೇನು ಹರಟೆ ಹೊಡೀಲಿ, ಮುಜುಗರ ಆಗುತ್ತಮ್ಮ' ಎಂದರು. ಅರ್ಧ ದಿನ ರಜೆ ಕೇಳಿದರೆ ಲ್ಯಾಬಿನ ಯಜಮಾನರು, 'ಮನೇಲಿ ಅಂಥ ಮಹಾತ್ಮರನ್ನ ಇಟ್ಕೊಂಡು ನಿಮಗ್ಯಾಕಮ್ಮ ರಜೆ? ನೀವು ಎಲ್ಲಾ ದಾಟಿದೋರು' ಎಂದು ನಕ್ಕರು. ದಾಟಿದವರಿಗೆ ಯಾರೂ ಕೈ ನೀಡುವುದಿಲ್ಲ ಅಣ್ಣ. ನೀನು ನಮ್ಮನ್ನು ದಾಟಿಸಿಬಿಟ್ಟೆ.

ಬರುವುದಿಲ್ಲ ಎಂದು ಬರೆಯಲೆಂದೇ ಈ ಕಾಗದ ತೆಗೆದುಕೊಂಡೆ. ಇವರನ್ನೂ ಒಂದು ಮಾತು ಕೇಳಿಬಿಡೋಣ, ಹೆಸರಿಗೆ ಎಂದುಕೊಂಡು ಮಂಚದ ಮೇಲೆ ಕೂತು ಎಡಗೈ ಹಿಡಿದೆ. 'ಭಾನುವಾರ ಬರಲ್ಲ ಅಂತ ಬರೀತೀನಿ. ಸರಿ ತಾನೆ?' ಬಿಟ್ಟರು. ಸುಸ್ತಾಗಿರಬೇಕು ಎಂದುಕೊಂಡೆ. 'ಹಾಗಾದ್ರೆ ಹೋಗಬೇಕಾ?' ಅದುಮಿದರು. 'ಅಲ್ಲಿ ಗೊಂಬೆ ಥರ ಕೂರಿಸ್ತಾರೆ ಕಣ್ರೀ!' ಇನ್ನೂ ಬಿಗಿಯಾಗಿ ಅದುಮಿದರು. ನನಗೆ ಸಿಟ್ಟು ನೆತ್ತಿಗೇರಿತು. 'ಅಲ್ಲೇನಿದೆ? ನಮ್ಮಣ್ಣನ ಭಾಷಣ ಬೇಕಾ?' ಬಿಟ್ಟರು. 'ಚಪ್ಪಾಳೆ ಬೇಕಾ?' ಬಿಟ್ಟರು. ಕೇಳಲು ಇನ್ನೇನೂ ತೋಚದೆ, 'ಜನ ಬೇಕಾ?' ಎಂದೆ. ಅದುಮಿದರು. ಅದುಮಿದ್ದನ್ನು ಬಿಡಲೇ ಇಲ್ಲ.

ಆಗ ಹೊಳೆಯಿತು. ಅವತ್ತು ಸಭೆ ಮುಗಿದ ಮೇಲೆ ಜನ ಒಬ್ಬೊಬ್ಬರಾಗಿ ಬಂದು ಇವರ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಒಬ್ಬ ಮುದುಕ ಏನೂ ಮಾತಾಡದೆ ತುಂಬ ಹೊತ್ತು ಹಿಡಿದು ನಿಂತಿದ್ದ. ಕಾರು ಬಂತೋ ಇಲ್ಲವೋ ಎಂದು ನಾನು ಬಾಗಿಲ ಕಡೆ ನೋಡುತ್ತಿದ್ದೆ. ಈ ಮನೆಯಲ್ಲಿ ಆ ಕೈಯನ್ನು ನಾನು ಹಿಡಿಯುವುದು ತೊಳೆಯಲು, ಅಂಗಿಯ ತೋಳಿಗೆ ತೂರಿಸಲು, ಏನಾದರೂ ಕೇಳಲು. ಸುಮ್ಮನೆ ಹಿಡಿಯುವವರು ಯಾರೂ ಇಲ್ಲ. ಇದು ನನಗೆ ಜ್ಞಾನೋದಯದ ಹಾಗೇನೂ ಅನ್ನಿಸಲಿಲ್ಲ, ಕೆನ್ನೆಗೆ ಬಾರಿಸಿದ ಹಾಗಾಯಿತು. ಮುಖ ಕೂಡ ಸರಿಯಾಗಿ ನೋಡಿರದ ಆ ಮುದುಕನ ಮೇಲೆ ಹೊಟ್ಟೆಕಿಚ್ಚೂ ಆಯಿತು.

ಹಾಗಾಗಿ ಬರುತ್ತೇವೆ. ಆದರೆ ಇವರು ವೇದಿಕೆ ಹತ್ತುವುದಿಲ್ಲ. ಕೆಳಗೆ, ಜನರ ಕೈಗೆ ಸಿಗುವಲ್ಲಿ ಕೂರುತ್ತಾರೆ. ಮಾತು ಶುರು ಮಾಡುವ ಮುಂಚೆ ನೀನು ಇಷ್ಟು ಹೇಳಬೇಕು: ಇದು ಕಾಯಿಲೆ. ಈ ಮನುಷ್ಯ ತಾಯಿಗಾಗಿ ಅತ್ತರು, ಅದು ನಗುವಾಗಿ ಹೊರಗೆ ಬಂತು. ಇವರು ನಕ್ಕಾಗ ಚಪ್ಪಾಳೆ ತಟ್ಟಬೇಡಿ. ನೀನು ಹೇಳದಿದ್ದರೆ ನಾನೇ ಎದ್ದು ಹೇಳುತ್ತೇನೆ. ನಿನ್ನ ಹಾಗೆ ಹೇಳಲು ನನಗೆ ಬರುವುದಿಲ್ಲ, ತಡವರಿಸುತ್ತೇನೆ. ತಡವರಿಸಿದರೂ ಕೇಳಿಸುತ್ತದೆ.

ಅದನ್ನು ಕೇಳಿ ಎಷ್ಟೋ ಜನ ಎದ್ದು ಹೋಗಬಹುದು. ಹೋಗಲಿ. ನಿಜ ಗೊತ್ತಾದ ಮೇಲೂ ಒಬ್ಬರು ಬಂದು ಕೈ ಹಿಡಿದರೆ ನಾನು ಬಾಗಿಲ ಕಡೆ ನೋಡುವುದಿಲ್ಲ. ಯಾರೂ ಬರದಿದ್ದರೆ ಪಕ್ಕದ ಕುರ್ಚಿಯಲ್ಲಿ ನಾನಿರುತ್ತೇನೆ. ಸುಮ್ಮನೆ ಹಿಡಿಯುವುದನ್ನು ನಾನಿನ್ನೂ ಕಲಿಯಬೇಕು.

ನಿನ್ನ ಗಂಟಲಿಗೆ ಆಯಸ್ಸು ಗಟ್ಟಿಯಿರಲಿ. ಭಾನುವಾರ ಅದಕ್ಕೆ ಕಷ್ಟದ ಕೆಲಸವಿದೆ.

ನಿನ್ನ ತಂಗಿ