ಕತ್ತರಿ ತಾಗಿದ ಕೊಂಬೆ

ಹೊಲಿಗೆ ಅಂಗಡಿಯ ಹಿಂದಿನ ಕೋಣೆ,
ಜನವರಿ ಇಪ್ಪತ್ತೊಂದು, ಬುಧವಾರ ಮಧ್ಯಾಹ್ನ

ನನ್ನ ಹಠಮಾರಿ ಸೊಸೆಗೆ, ಅವಳಿಗಿಂತ ಒಂದು ಕೈ ಮೇಲೇ ಹಠವಿರುವ ಮಾವ ಮಾಡುವ ಆಶೀರ್ವಾದ.

ಕಾಲು ಹೇಗಿದೆ? ರಾತ್ರಿ ನಿದ್ದೆ ಬರುತ್ತಿದೆಯೇ? ಊರುಗೋಲು ಹಿಡಿದು ಅಂಗಳದವರೆಗಾದರೂ ಹೋಗುತ್ತೀಯೋ, ಇಲ್ಲವೋ? ಫೋನಿನಲ್ಲಿ ಕೇಳಿದರೆ "ಚೆನ್ನಾಗಿದೀನಿ ಮಾವ" ಅಂತ ಒಂದೇ ಮಾತು ಹೇಳಿ ಅಮ್ಮನ ಕೈಗೆ ಫೋನು ದಾಟಿಸಿಬಿಡುತ್ತೀಯೆ. ಅದಕ್ಕೇ ಈ ಪತ್ರ. ಇದನ್ನು ಯಾರ ಕೈಗೂ ದಾಟಿಸುವ ಹಾಗಿಲ್ಲ, ಕೊನೆಯವರೆಗೂ ನೀನೇ ಓದಬೇಕು. ಬೀಗಿತ್ತಿಯವರ ಕೈಯಡುಗೆ ಉಂಡು ಮೈ ತುಂಬಿಕೊಂಡಿದ್ದರೆ ಸಂಕೋಚಪಡದೆ ಹೇಳು, ನಿನ್ನ ಬಟ್ಟೆಗಳನ್ನೆಲ್ಲ ಒಂದು ಹೊಲಿಗೆ ಸಡಿಲ ಮಾಡಿಡುತ್ತೇನೆ. ಇಲ್ಲಿ ನಾನೂ ನಿನ್ನ ಗಂಡನೂ ಒಂದು ದಿನ ಉಪ್ಪಿಲ್ಲದ್ದು, ಮರುದಿನ ಬರೀ ಉಪ್ಪು, ಹೀಗೆ ಉಂಡುಕೊಂಡು ಇದ್ದೇವೆ. ತೆಳ್ಳಗಾಗಿದ್ದೇವೆ, ಸತ್ತಿಲ್ಲ.

ಈ ವರ್ಷ ಚಳಿಗಾಲ ಕೆಲಸಕ್ಕೆ ಚಕ್ಕರ್ ಹೊಡೆದಿದೆ ಕಣಮ್ಮ. ಕೋಟಿನ ಒಳಗಿನ ಅಸ್ತರು ಬದಲಿಸಿಕೊಡಿ ಅಂತ ಒಬ್ಬ ಗಿರಾಕಿಯೂ ಬಂದಿಲ್ಲ. ಬೇರೆ ವರ್ಷವಾಗಿದ್ದರೆ ಇಷ್ಟು ಹೊತ್ತಿಗೆ ಕೊಳದ ಅಂಚು ತೆಳ್ಳಗೆ ಹೆಪ್ಪುಗಟ್ಟಿ, ದಡದ ನೆಲ ಕಲ್ಲಾಗಿರುತ್ತಿತ್ತು. ಈ ಸಲ ಎಲ್ಲಿ ನೋಡಿದರೂ ಕೆಸರು. ಆ ಕೆಸರಿನಲ್ಲೇ ಅಲ್ಲವೇ ನೀನು ಹೋದ ತಿಂಗಳು ಕಾಲು ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡದ್ದು. ನೆಲ ಗಟ್ಟಿಯಾಗಿದ್ದರೆ ಬೀಳುತ್ತಿರಲಿಲ್ಲ ಅಂತ ನಾನು ದಿನಾ ಬೆಳಿಗ್ಗೆ ಚಳಿಗಾಲವನ್ನು ಬೈಯುತ್ತೇನೆ. ಅದಕ್ಕೆ ನಾಚಿಕೆಯಿಲ್ಲ, ಇನ್ನಷ್ಟು ಬಿಸಿಲು ಸುರಿಸುತ್ತದೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಏಳು ಚಳಿಗಾಲ ನೀನು ದಡದ ನೆಲದ ಮೇಲೆ ಕೂತು ಅದೇ ಕೊಳ, ಅದೇ ಪೊದೆ, ನೀರಿನ ಮೇಲೆ ಬಾಗಿದ ಅದೇ ಕೊಂಬೆಯ ಫೋಟೋ ತೆಗೆದೆ. ಏಳೂ ನನ್ನ ಅಂಗಡಿಯ ಗೋಡೆಯ ಮೇಲಿವೆ. ಗಿರಾಕಿಗಳು ಪ್ಯಾಂಟು ತಯಾರಾಗುವ ತನಕ ಅವನ್ನೇ ನೋಡುತ್ತಾ ಕೂರುತ್ತಾರೆ, ಬೈಯುವುದು ಮರೆಯುತ್ತಾರೆ. ಹೂ ಬಿಟ್ಟಾಗ ತೆಗೆದರೆ ಚೆನ್ನಲ್ಲವೇ ತಾಯಿ ಅಂತ ನಾನು ಮೊದಲ ವರ್ಷ ಕೇಳಿದ್ದಕ್ಕೆ ನೀನು ಅಂದಿದ್ದೆ: "ಚೆಂದ ಹುಡುಕ್ತಿಲ್ಲ ಮಾವ. ಈ ವರ್ಷದ ಚಳಿ ಹೇಗಿತ್ತು ಅಂತ ಕೊಂಬೆ ಹತ್ರ ಕೇಳ್ಕೊಳ್ತಿದೀನಿ." ಹಾಗೆ ಹೇಳಿದವಳು ಈಗ ಗಂಡನಿಗೆ ಬರೆಯುತ್ತೀಯೆ, ಕ್ಯಾಮೆರಾ ಮಾರಿಬಿಡಿ, ನನಗಿನ್ನು ನೆಲದ ಮೇಲೆ ಕೂರಲಾಗುವುದಿಲ್ಲ, ಕೊಳದ ಕಡೆ ತಲೆ ಹಾಕುವುದೂ ಇಲ್ಲ ಅಂತ. ನನ್ನ ಮಗನೋ, ನೀನು ಗೆರೆ ಎಳೆದರೆ ಅದರ ಮೇಲೇ ನಡೆಯುವವನು. ಮರುದಿನವೇ ಕೊಳ್ಳುವವನನ್ನು ಹುಡುಕಿದ. ನಾನು ಬೇಡ ಅಂದೆ, ಅವನು ಅವಳೇ ಹೇಳಿದ್ದಾಳಲ್ಲ ಅಂದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ವಾರವಿಡೀ ಎಳೆದಾಡಿದೆವು. ಎತ್ತು ಯಾರು, ಕೋಣ ಯಾರು ಅಂತ ನೀನೇ ತೀರ್ಮಾನ ಮಾಡು.

ಕೊಳ್ಳಲು ಬಂದವನು ನಮ್ಮ ಬೀದಿಯ ಸ್ಟುಡಿಯೋದವನೇ, ಪಾಸ್‌ಪೋರ್ಟ್ ಫೋಟೋ ತೆಗೆಯುವಾಗ ಎಲ್ಲರ ಗಲ್ಲ ಹಿಡಿದು ಎತ್ತುತ್ತಾನಲ್ಲ, ಆತ. ಕ್ಯಾಮೆರಾವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಆಮೇಲೆ ಹಿಂಬದಿಯ ಪುಟ್ಟ ಪರದೆಯನ್ನು ಕಿಟಕಿಯ ಹಾಗೆ ಹೊರಗೆಳೆದು ಮೇಲಕ್ಕೆ ತಿರುಗಿಸಿ, ಬಗ್ಗಬೇಕಾಗಿಯೇ ಇಲ್ಲ, ಸ್ಟ್ಯಾಂಡನ್ನು ನೆಲಮಟ್ಟಕ್ಕೆ ಇಳಿಸಿ ಕುರ್ಚಿಯ ಮೇಲೆ ಕೂತೇ ನೋಡಬಹುದು, ಒಳ್ಳೆಯ ಮಾಲು ಅಂದ. ನಾನು ಅವನ ಕೈಯಿಂದ ಕ್ಯಾಮೆರಾ ಇಸಿದುಕೊಂಡು, ಮಾರುವುದಿಲ್ಲ, ಹೋಗಿ ಬಾ ಅಂದೆ. ಪಾಪ, ತನ್ನ ವ್ಯಾಪಾರ ತಾನೇ ಕೆಡಿಸಿಕೊಂಡ. ಆದರೆ ಮಗಳೇ, ಆ ಪರದೆ ತಿರುಗುತ್ತದೆ ಅನ್ನುವುದು ನಿನಗೆ ಗೊತ್ತಿಲ್ಲದ್ದೇ? ಗೊತ್ತಿದ್ದೂ ನೆಲದ ನೆಪ ಹೇಳಿದೆಯಲ್ಲ, ಆಗ ನನಗೆ ತಿಳಿಯಿತು, ಮೂಳೆಯ ಜೊತೆಗೆ ನಿನ್ನ ಧೈರ್ಯವೂ ಮುರಿದಿದೆ ಅಂತ. ಅವತ್ತು ಊಟ ಸೇರಲಿಲ್ಲ ನನಗೆ.

ಅಳುತ್ತಾ ಕೂರುವ ಜಾತಿ ನನ್ನದಲ್ಲ. ನೀನು ಬರುವ ತನಕ ಈ ವರ್ಷದ ಫೋಟೋ ನಾನೇ ತೆಗೆಯುತ್ತೇನೆ ಅಂತ ಹೊರಟೆ. ಕೊಳದ ಕಾವಲುಗಾರ ಗೊತ್ತಲ್ಲ, ನಮ್ಮ ಕೊಕ್ಕರೆ, ಅವನ ಕಡ್ಡಿಯಂಥ ಉದ್ದ ಕಾಲು ನೋಡಿ ನೀನೇ ಹೆಸರಿಟ್ಟದ್ದು. ಸ್ಟ್ಯಾಂಡು ಊರಿದ ಕೂಡಲೇ ತಲೆ ಬಾಚಿಕೊಂಡು ಬಂದು ಕೊಂಬೆಯ ಪಕ್ಕ ನಿಲ್ಲುತ್ತಾನೆ. ಅವನನ್ನು ಆಚೆ ಕಳಿಸುವುದೇ ಅರ್ಧ ಕೆಲಸ. ಕೊಂಬೆ ನೋಡಿದರೆ ನನಗೆ ಬೇಸರವಾಯಿತು. ನಿನ್ನ ಏಳು ಚಿತ್ರಗಳಲ್ಲಿ ಅದು ಬೋಳಾಗಿ, ಕೆಂಪಗೆ, ಗೆರೆ ಹೊಡೆದಂತಿದೆ. ಈ ಸಲ ಉದುರದೆ ಉಳಿದ ಹಳೆಯ ಎಲೆಗಳು ಅಲ್ಲಲ್ಲಿ ಜೋತುಬಿದ್ದಿವೆ, ನಡುವೆ ಅವಸರಕ್ಕೆ ಹುಟ್ಟಿದ ಮೊಗ್ಗುಗಳು. ದಾರದ ತುದಿ ಇಳಿಬಿಟ್ಟುಕೊಂಡ ಅಂಗಿಯನ್ನು ನಾನು ಜನ್ಮದಲ್ಲಿ ಅಂಗಡಿಯಿಂದ ಹೊರಗೆ ಬಿಟ್ಟವನಲ್ಲ. ಜೇಬಿನಲ್ಲಿ ಚಿಕ್ಕ ಕತ್ತರಿ ಇದ್ದೇ ಇತ್ತು. ಕಚಕಚನೆ ಎಲೆ, ಮೊಗ್ಗು ಎಲ್ಲ ಸವರಿ, ಕೊಂಬೆಯನ್ನು ನಿನ್ನ ಚಿತ್ರದಲ್ಲಿರುವ ಹಾಗೇ ಓರಣ ಮಾಡಿ ಫೋಟೋ ಹೊಡೆದೆ. ಸ್ಟುಡಿಯೋದಲ್ಲಿ ಅಚ್ಚು ಹಾಕಿಸಿ ತಂದು ನಿನ್ನ ಏಳರ ಪಕ್ಕ ಹಿಡಿದರೆ, ಅವಳಿ ಜವಳಿ. ಹೆಮ್ಮೆಯಿಂದ ಬೀಗಿದೆ.

ಬೀಗುವುದು ಮುಗಿಯುವ ಮೊದಲೇ ಬುದ್ಧಿ ಬಂತು. ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಂಡು ನಿಲ್ಲುವ ಗಿರಾಕಿಗಳಿದ್ದಾರಲ್ಲ, ಆಮೇಲೆ ಬಟ್ಟೆ ಬಿಗಿಯಾಯಿತು ಅಂತ ನನ್ನ ಮೇಲೆ ಹಾರಾಡುತ್ತಾರೆ. ಉಸಿರು ಬಿಡಿ ಸ್ವಾಮಿ, ಇರುವ ಹೊಟ್ಟೆ ಇರಲಿ ಅಂತ ಅವರಿಗೆ ಹೇಳಿ ಹೇಳಿ ನನ್ನ ಬಾಯಿ ಸವೆದಿದೆ. ಅಂಥ ನಾನೇ ಕೊಂಬೆಯ ಹೊಟ್ಟೆ ಒಳಗೆಳೆಸಿ ಅಳತೆ ತೆಗೆದಿದ್ದೆ. ಚಳಿ ಬಾರದ ವರ್ಷ ಹೇಗಿತ್ತು ಅಂತ ಕೊಂಬೆ ಹೇಳಲು ಹೊರಟರೆ ಅದರ ನಾಲಿಗೆಯನ್ನೇ ಕತ್ತರಿಸಿದ ಹಾಗಾಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಎಲೆಗಳನ್ನು ಮತ್ತೆ ಹೊಲಿದುಬಿಡಲೇ ಅಂತ ಸೂಜಿಗೆ ದಾರ ಕೂಡ ಪೋಣಿಸಿದೆ, ನಗಬೇಡ. ನಿನ್ನ ಗಂಡ ನಕ್ಕ. ನೀನು ಬಿದ್ದ ಮೇಲೆ ಅವನು ನಕ್ಕದ್ದು ಅದೇ ಮೊದಲು, ಹಾಗಾಗಿ ಬೈಯಲಿಲ್ಲ.

ಆ ಚಿತ್ರ ಹರಿದು ಹಾಕಿದೆ. ಪೊದೆಯ ಇನ್ನೊಂದು ಮಗ್ಗುಲಿನ ಕೊಂಬೆಗಳಿಗೆ ನನ್ನ ಕತ್ತರಿ ತಾಗಿಲ್ಲ, ಅವೂ ನೀರಿನ ಕಡೆಗೇ ಬಾಗಿವೆ. ಕತ್ತರಿಯನ್ನು ಮನೆಯಲ್ಲೇ ಬಿಟ್ಟು ದಿನಾ ಬೆಳಿಗ್ಗೆ ಹೋಗಿ ಅವುಗಳ ಫೋಟೋ ತೆಗೆಯುತ್ತಿದ್ದೇನೆ, ಜೋತ ಎಲೆ ಜೋತುಕೊಂಡೇ ಇರಲಿ ಅಂತ. ನೀನು ಬಿಟ್ಟರೂ ಈ ಕೆಲಸವನ್ನು ನಾನು ಬಿಡುವವನಲ್ಲ. ಬಟ್ಟೆ ಬಿಗಿಯಾದರೆ ಯಾರೂ ಮೈ ಕತ್ತರಿಸಿಕೊಳ್ಳುವುದಿಲ್ಲ ತಾಯಿ, ಹೊಲಿಗೆ ಬಿಚ್ಚಿ ಸಡಿಲ ಮಾಡುತ್ತಾರೆ. ನಿನ್ನ ಕಾಲಿಗೆ ನೆಲ ಒಗ್ಗದಿದ್ದರೆ ಕುರ್ಚಿ ಹಾಕೋಣ. ಅದಕ್ಕಾಗಿ ಇಡೀ ಕೊಳವನ್ನೇ ಬಿಡುತ್ತೇನೆ ಅನ್ನುವುದು ಯಾವ ನ್ಯಾಯ?

ಬೀಗರಿಗೂ ಬೀಗಿತ್ತಿಯವರಿಗೂ ನನ್ನ ನಮಸ್ಕಾರ ತಿಳಿಸು. ಮಾತ್ರೆ ತಪ್ಪಿಸಬೇಡ. ಬೇಗ ಗಟ್ಟಿಯಾಗು, ನೂರು ಚಳಿಗಾಲ ನೋಡು.

ನಿನ್ನ ಮಾವ

ಮರೆತಿದ್ದೆ, ಅಂಚೆಗೆ ಹೊತ್ತಾಯಿತು, ಬೇಗ ಬರೆಯುತ್ತೇನೆ. ಮರೆತಿದ್ದೆ ಅನ್ನುವುದು ಸುಳ್ಳು, ಬರೆಯಲು ಮನಸ್ಸಾಗಿರಲಿಲ್ಲ. ನಾನು ತೆಗೆದ ಫೋಟೋಗಳಲ್ಲಿ ಒಂದೂ ಸ್ಪಷ್ಟವಾಗಿಲ್ಲವಂತೆ. ನಿನ್ನೆ ನಿನ್ನ ಗಂಡ ಎಲ್ಲವನ್ನೂ ಮೇಜಿನ ಮೇಲೆ ಹರಡಿ ನೋಡಿ, "ಅಪ್ಪಾ, ಎಲ್ಲಾ ಮಸುಕಾಗಿದೆ, ನಿಮಗೆ ಕಾಣ್ತಿಲ್ವಾ?" ಅಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನೂ ಮೊದಲು ಕ್ಯಾಮೆರಾವನ್ನೇ ಬೈದೆ. ಆದರೆ ನಿಜ ಕಣಮ್ಮ, ನನಗೆ ಕಾಣುತ್ತಿಲ್ಲ. ಬಟ್ಟೆಯನ್ನು ಕೈಯಲ್ಲಿ ಮುಟ್ಟಿ ಹೊಲಿಯುತ್ತೇನೆ, ಕೊಂಬೆಯನ್ನು ಹಾಗೆ ಮುಟ್ಟಿ ತೆಗೆಯಲು ಬರುವುದಿಲ್ಲ. ಈ ಬಿಸಿಲಿಗೆ ಮೊಗ್ಗುಗಳು ಇನ್ನೊಂದು ವಾರವೂ ತಡೆಯುವುದಿಲ್ಲ, ಒಡೆದವೆಂದರೆ ಈ ವರ್ಷ ಹೋದ ಹಾಗೆ. ನಿನ್ನ ಗಂಡ ತಾನಾಗಿಯೇ ಹೋಗಿ ಡಾಕ್ಟರನ್ನು ಕೇಳಿಬಂದಿದ್ದಾನೆ, ಕಾಲು ಚಾಚಿ ಹಿಂದಿನ ಸೀಟಿನಲ್ಲಿ ಕೂತು ಬರಬಹುದಂತೆ. ಶನಿವಾರ ಬೆಳಿಗ್ಗೆ ಕಾರು ತರುತ್ತಾನೆ. ದಡದ ಕೆಸರಿನ ಮೇಲೆ ಹಲಗೆ ಹಾಸಿಯಾಗಿದೆ. ಬರುವುದಿಲ್ಲ ಅನ್ನುವುದಾದರೆ ನನಗೆ ಹೇಳಬೇಡ. ಕಾರು ಹತ್ತಿ ಬಂದು, ಆ ಪೊದೆಯ ಎದುರು ಕೂತು, ಅದಕ್ಕೇ ಹೇಳು.